ಕರಿಮದ್ದಿನ ರಿವಾಲ್ವರ್: ಬಲ ಇದ್ದದ್ದು ಎಲ್ಲಿ?



ಭೀಮಾ ತೀರದ ನಮ್ಮ ಭಂಡಾರಕವಠೆ ಭಾಗದಿಂದ ಶಾಲಾ ಪ್ರವಾಸ ಎಂದರೆ ಅಕ್ಕಲಕೋಟೆ ತಪ್ಪುವುದಿಲ್ಲ. ಸ್ವಾಮಿ ಸಮರ್ಥರ ದರ್ಶನ ಆದ ಮೇಲೆ ಭೋಸಲೆ ಮನೆತನದ ಶಸ್ತ್ರಾಗಾರ ನೋಡುವುದು ರೂಢಿ. ಖಡ್ಗ, ಕಠಾರಿ, ಭರ್ಚಿ, ಬಂದೂಕುಗಳ ಸಾಲು ಕಂಡ ಕೂಡಲೇ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಸರ್, ಇದರಾಗ ಎಲ್ಲಾಕಿಂತ ಪವರ್‌ಫುಲ್ ಯಾವುದರಿ?" ಮೊಬೈಲ್ ಆಟಗಳಲ್ಲಿ ಪ್ರತಿ ಬಂದೂಕಿಗೂ ಇಷ್ಟು ಪವರ್ ಎಂದು ಅಂಕ ಕೊಟ್ಟಿರುತ್ತಾರೆ. ಇತಿಹಾಸದಲ್ಲೂ ಹಾಗೆಯೇ ಒಂದು ಅಂಕ ಇರುತ್ತದೆ ಎಂದು ಮಕ್ಕಳು ತಿಳಿದಿರುತ್ತಾರೆ.

ಈ ಪ್ರಶ್ನೆ ಚಿಕ್ಕದಲ್ಲ. ಇದಕ್ಕೆ ಉತ್ತರ ಹುಡುಕುತ್ತ ಹೋದರೆ ವಿಜ್ಞಾನ, ಗಣಿತ, ಇತಿಹಾಸ ಮತ್ತು ನಾಗರಿಕ ಶಾಸ್ತ್ರ ನಾಲ್ಕೂ ಒಂದೇ ಕಡೆ ಸೇರುತ್ತವೆ. ಹಲಗಲಿ, ಸುರಪುರ, ನರಗುಂದಗಳ ಕಥೆಯೂ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಈ ಸಲ ಕರಿಮದ್ದಿನ ರಿವಾಲ್ವರ್‌ಗಳನ್ನು, ಅಂದರೆ ಹಳೆಯ ಕಾಲದವನ್ನೂ ಈಗ ಹೊಸದಾಗಿ ತಯಾರಾದವನ್ನೂ, ಹೋಲಿಸಿ ನೋಡೋಣ.

ಕರಿಮದ್ದು ಎಂದರೇನು?

ಪೆಟ್ಲುಪ್ಪು, ಗಂಧಕ, ಇದ್ದಿಲು ಈ ಮೂರರ ಮಿಶ್ರಣವೇ ಕರಿಮದ್ದು. ಶತಮಾನಗಳ ಕಾಲ ಜಗತ್ತಿನ ತೋಪು, ಬಂದೂಕು, ಪಿಸ್ತೂಲುಗಳೆಲ್ಲ ಇದರ ಮೇಲೆಯೇ ನಡೆದವು. ಫ್ರಾನ್ಸಿನ ವಿಯೇಲ್ ಎಂಬ ರಸಾಯನ ವಿಜ್ಞಾನಿ 1884ರಲ್ಲಿ ಹೊಗೆರಹಿತ ಮದ್ದನ್ನು ತಯಾರಿಸಿದ ಮೇಲೆ ಇದರ ಕಾಲ ಮುಗಿಯುತ್ತ ಬಂತು.

ಕರಿಮದ್ದಿಗೆ ಎರಡು ದೊಡ್ಡ ದೋಷಗಳಿವೆ. ಒಂದು, ಅದು ಪೂರ್ತಿ ಅನಿಲವಾಗುವುದಿಲ್ಲ. ಉರಿದ ಮದ್ದಿನ ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದಲ್ಲಿ ಉಳಿದು, ಸ್ವಲ್ಪ ದಟ್ಟ ಬಿಳಿ ಹೊಗೆಯಾಗಿ ಹೊರಬೀಳುತ್ತದೆ, ಸ್ವಲ್ಪ ಮಸಿಯಾಗಿ ನಳಿಗೆಯಲ್ಲಿ ಅಂಟುತ್ತದೆ. ನಾಲ್ಕಾರು ಗುಂಡು ಹಾರಿಸಿದರೆ ಎದುರಿಗಿನದು ಕಾಣುವುದಿಲ್ಲ, ಯಂತ್ರದ ಭಾಗಗಳು ಬಿಗಿಯಾಗುತ್ತವೆ. ಎರಡು, ಅದರಿಂದ ಹುಟ್ಟುವ ಒತ್ತಡಕ್ಕೆ ಒಂದು ಮಿತಿಯಿದೆ. ಹೆಚ್ಚು ಬಲ ಬೇಕೆಂದರೆ ಹೆಚ್ಚು ಮದ್ದು ತುಂಬಬೇಕು, ಹೆಚ್ಚು ಮದ್ದಿಗೆ ದೊಡ್ಡ ಗೂಡು ಬೇಕು, ದೊಡ್ಡ ಗೂಡಿಗೆ ದೊಡ್ಡ ಆಯುಧ ಬೇಕು. ಈ ಮಾತು ನೆನಪಿರಲಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಒಂದು ಗುಂಡಿನಿಂದ ಆರು ಗುಂಡಿಗೆ

ಹಳೆಯ ಬತ್ತಿಯ ಬಂದೂಕಿಗೆ ಉರಿಯುವ ಬತ್ತಿ ಬೇಕಿತ್ತು. ಮಳೆ ಬಂದರೆ ಬತ್ತಿ ಆರಿತು, ಬಂದೂಕು ಬಡಿಗೆಯಾಯಿತು. ಆಮೇಲೆ ಬಂದ ಚಕಮಕಿ ಬಂದೂಕಿನಲ್ಲಿ ಕಲ್ಲು ಉಕ್ಕಿಗೆ ತಾಗಿ ಕಿಡಿ ಹಾರುತ್ತಿತ್ತು. ಇದಕ್ಕೂ ತೇವ ಆಗುತ್ತಿರಲಿಲ್ಲ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್ ಎಂಬವರು, ಪೆಟ್ಟು ಬಿದ್ದರೆ ತಾನೇ ಕಿಡಿಯಾಗುವ ರಾಸಾಯನಿಕವನ್ನು ಬಂದೂಕಿಗೆ ಬಳಸುವ ಹಕ್ಕುಪತ್ರ ಪಡೆದರು. ಅದರಿಂದಲೇ ಮುಂದೆ ತಾಮ್ರದ ಸಣ್ಣ ಕ್ಯಾಪು ಬಂತು. ದೀಪಾವಳಿಯಲ್ಲಿ ಮಕ್ಕಳು ಆಟಿಗೆ ಪಿಸ್ತೂಲಿನಲ್ಲಿ ಹೊಡೆಯುವ ಟಿಕಲಿಯ ತತ್ವವೂ ಇದೇ.

ಕ್ಯಾಪು ಬಂದ ಮೇಲೆ ರಿವಾಲ್ವರ್ ಸಾಧ್ಯವಾಯಿತು. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1835ರಲ್ಲಿ ಇಂಗ್ಲೆಂಡಿನಲ್ಲಿ, 1836ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ. ನಳಿಗೆ ಒಂದೇ, ಅದರ ಹಿಂದೆ ಐದಾರು ಗೂಡುಗಳಿರುವ ಸಿಲಿಂಡರ್. ಒಂದೊಂದು ಗೂಡಿಗೂ ಮುಂದಿನಿಂದ ಮದ್ದು ಸುರಿದು, ಸೀಸದ ಗುಂಡನ್ನು ಒತ್ತಿ ಕೂರಿಸಿ, ಹಿಂದೆ ಕ್ಯಾಪು ಇಡಬೇಕು. ಸುತ್ತಿಗೆಯನ್ನು ಹಿಂದಕ್ಕೆಳೆದರೆ ಸಿಲಿಂಡರ್ ಒಂದು ಗೂಡಿನಷ್ಟು ತಿರುಗುತ್ತದೆ. ಒಂದು ಗೂಡಿನ ಕಿಡಿ ಪಕ್ಕದ ಗೂಡಿಗೆ ಹಾರಿದರೆ ಎಲ್ಲ ಒಟ್ಟಿಗೆ ಸಿಡಿಯುವ ಅಪಾಯವೂ ಇತ್ತು. ಅದಕ್ಕಾಗಿ ಗುಂಡಿನ ಮೇಲೆ ಕೊಬ್ಬು ಬಳಿಯುತ್ತಿದ್ದರು.

ಇಲ್ಲಿ ಒಂದು ಮಾತು. ಸ್ನೇಹ ಸಮ್ಮೇಳನಗಳಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ ಆಡಿಸುವಾಗ ಥ್ಯಾಕರೆ ಪಾತ್ರದ ಹುಡುಗನ ಸೊಂಟಕ್ಕೆ ಆಟಿಗೆ ರಿವಾಲ್ವರ್ ಕಟ್ಟಿ ಕಳಿಸುತ್ತೇವೆ. ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23ರಂದು. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಆಗ ಸಿಲಿಂಡರ್ ತಿರುಗುವ ಪಿಸ್ತೂಲಿನ ಕೆಲವು ದುಬಾರಿ ಪ್ರಯತ್ನಗಳು ನಡೆದಿದ್ದವು ನಿಜ, ಆದರೆ ಬಳಕೆಯಲ್ಲಿದ್ದದ್ದು ಒಂದೇ ಗುಂಡಿನ ಪಿಸ್ತೂಲು ಮತ್ತು ಬಂದೂಕು. ಕಿತ್ತೂರಿನ ಕಾಲದಲ್ಲಿ ಎರಡೂ ಕಡೆಯವರ ಕೈಯಲ್ಲಿದ್ದ ಸಣ್ಣ ಆಯುಧಗಳಲ್ಲಿ ಆಕಾಶ ಪಾತಾಳದ ಅಂತರ ಇರಲಿಲ್ಲ. ಮುಂದಿನ ಮೂವತ್ತು ವರ್ಷಗಳಲ್ಲಿ ಆ ಅಂತರ ಬೆಳೆಯಿತು.

ಎಲ್ಲಕ್ಕಿಂತ ದೊಡ್ಡದು: ವಾಕರ್

ಮಕ್ಕಳ ಪ್ರಶ್ನೆಗೆ ನೇರ ಉತ್ತರ ಬೇಕೆಂದರೆ, ಕ್ಯಾಪು ಮತ್ತು ಗುಂಡಿನ ಕಾಲದ ಹೆಸರಾಂತ ರಿವಾಲ್ವರ್‌ಗಳಲ್ಲಿ ಬಲಿಷ್ಠವಾದದ್ದು 1847ರ ಕೋಲ್ಟ್ ವಾಕರ್. ಟೆಕ್ಸಾಸಿನ ಕ್ಯಾಪ್ಟನ್ ಸ್ಯಾಮ್ಯುಯೆಲ್ ವಾಕರ್, ಕುದುರೆಯ ಮೇಲಿಂದ ಬಳಸಲು ಭಾರಿ ಪಿಸ್ತೂಲು ಬೇಕೆಂದು ಕೋಲ್ಟ್‌ನಿಗೆ ಹೇಳಿ ಮಾಡಿಸಿದ. ತಯಾರಾದದ್ದು ಸುಮಾರು 1,100 ಮಾತ್ರ. ತೂಕ 2 ಕಿಲೋಗ್ರಾಂಗಿಂತ ತುಸು ಹೆಚ್ಚು. ನಳಿಗೆಯ ಉದ್ದ 9 ಇಂಚು. ಒಂದು ಗೂಡಿಗೆ 60 ಗ್ರೇನ್ ಮದ್ದು ಹಿಡಿಯುತ್ತಿತ್ತು.

ಗ್ರೇನ್ ಎಂದರೆ ಮಕ್ಕಳಿಗೆ ತಿಳಿಯುವುದಿಲ್ಲ. ಬ್ರಿಟಿಷ್ ಕಾಲದ ಒಂದು ತೊಲೆ ಎಂದರೆ 180 ಗ್ರೇನ್, ಅಂದರೆ 11.66 ಗ್ರಾಂ. ಹಾಗಾದರೆ ವಾಕರ್‌ನ ಒಂದು ಗುಂಡಿಗೆ ತೊಲೆಯ ಮೂರನೆಯ ಒಂದು ಭಾಗದಷ್ಟು ಮದ್ದು. ಪಿಸ್ತೂಲಿನ ಮಟ್ಟಿಗೆ ಇದು ಬಹಳ.

ಆದರೆ ಈ ಬಲವೇ ಅದಕ್ಕೆ ಮುಳುವಾಯಿತು. ಅಂದಿನ ಕಬ್ಬಿಣ ಅಷ್ಟು ಮದ್ದನ್ನು ತಾಳಲಿಲ್ಲ, ಹಲವು ಸಿಲಿಂಡರ್‌ಗಳು ಸಿಡಿದವು. ಗುಂಡು ಹಾರಿಸಿದ ಪೆಟ್ಟಿಗೆ ಕೆಳಗಿನ ಸನ್ನೆಕೋಲು ಜಾರಿ ಬಿದ್ದು ಯಂತ್ರವನ್ನೇ ಕಟ್ಟಿಹಾಕುತ್ತಿತ್ತು. ಸೊಂಟಕ್ಕೆ ಕಟ್ಟಿಕೊಂಡು ನಡೆಯುವಂತಿರಲಿಲ್ಲ, ಕುದುರೆಯ ಜೀನಿನಲ್ಲಿ ತೂಗುಹಾಕಬೇಕಿತ್ತು. ಮರುವರ್ಷವೇ, 1848ರಲ್ಲಿ, ಕೋಲ್ಟ್ ಸಿಲಿಂಡರನ್ನು ಗಿಡ್ಡ ಮಾಡಿ, ಮದ್ದನ್ನು 50 ಗ್ರೇನಿಗೆ ಇಳಿಸಿ ಡ್ರಗೂನ್ ಮಾದರಿ ತಂದ. 1851ರಲ್ಲಿ ಇನ್ನೂ ಹಗುರವಾದ ನೇವಿ ಮಾದರಿ ಬಂತು. ಅದರ ತೂಕ ಸುಮಾರು 1.2 ಕಿಲೋ, ಮದ್ದು 20ರಿಂದ 25 ಗ್ರೇನ್. ಜಗತ್ತಿನಾದ್ಯಂತ ಲಕ್ಷಗಟ್ಟಲೆ ಹರಡಿದ್ದು ಈ ಹಗುರದ ನೇವಿಯೇ ಹೊರತು ಬಲಿಷ್ಠ ವಾಕರ್ ಅಲ್ಲ. ಇದು ಮೊದಲ ಪಾಠ: ಹೊರಲಾರದ ಬಲ ಬಲವಲ್ಲ.

ಲಂಡನ್ನಿನ ಪೈಪೋಟಿ

1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಕೋಲ್ಟ್‌ನ ರಿವಾಲ್ವರ್ ಎದುರಿಗೆ ಇಂಗ್ಲೆಂಡಿನ ರಾಬರ್ಟ್ ಆ್ಯಡಮ್ಸ್ ಎಂಬವರ ರಿವಾಲ್ವರ್ ಬಂತು. ಕೋಲ್ಟ್‌ನದಕ್ಕೆ ಪ್ರತಿ ಸಲ ಹೆಬ್ಬೆರಳಿನಿಂದ ಸುತ್ತಿಗೆ ಎಳೆಯಬೇಕು, ಆಮೇಲೆ ಟ್ರಿಗರ್ ಒತ್ತಬೇಕು. ಆ್ಯಡಮ್ಸ್‌ನದರಲ್ಲಿ ಟ್ರಿಗರ್ ಎಳೆದರೆ ಸಾಕು, ಸುತ್ತಿಗೆ ತಾನೇ ಎದ್ದು ಬೀಳುತ್ತಿತ್ತು. ಕೋಲ್ಟ್‌ನ ನಳಿಗೆ ಬೇರೆ, ಚೌಕಟ್ಟು ಬೇರೆ. ಆ್ಯಡಮ್ಸ್‌ನದು ಒಂದೇ ತುಂಡಿನ ಗಟ್ಟಿ ಚೌಕಟ್ಟು. ಆದರೆ ಐದೇ ಗುಂಡು. 1856ರಲ್ಲಿ ಲೆಫ್ಟಿನೆಂಟ್ ಬ್ಯೂಮಾಂಟ್ ಎರಡೂ ವಿಧಾನಗಳನ್ನು ಕೂಡಿಸಿದ ಮೇಲೆ ಬ್ಯೂಮಾಂಟ್-ಆ್ಯಡಮ್ಸ್ ಬ್ರಿಟಿಷ್ ಸೈನ್ಯಕ್ಕೆ ಬಂತು. ಕೋಲ್ಟ್ 1853ರಲ್ಲಿ ಲಂಡನ್ನಿನಲ್ಲಿ ಕಾರ್ಖಾನೆ ತೆರೆದಿದ್ದ, ಕೆಲವೇ ವರ್ಷಗಳಲ್ಲಿ ಅದನ್ನು ಮುಚ್ಚಬೇಕಾಯಿತು.

ಇಂಗ್ಲಿಷರು ಗುಂಡಿನ ದಪ್ಪವನ್ನು ಅಳೆಯುತ್ತಿದ್ದ ರೀತಿ ಮಕ್ಕಳಿಗೆ ಹೇಳುವಂಥದ್ದು. ಆ್ಯಡಮ್ಸ್‌ನ ಸಾಮಾನ್ಯ ಮಾದರಿಗೆ "54 ಬೋರ್" ಎನ್ನುತ್ತಿದ್ದರು. ಒಂದು ಪೌಂಡ್ ಸೀಸದಿಂದ ಆ ಅಳತೆಯ 54 ಗುಂಡು ಎರಕ ಹೊಯ್ಯಬಹುದು ಎಂದು ಅರ್ಥ. 453.6 ಗ್ರಾಂ ಭಾಗಿಸು 54, ಅಂದರೆ ಒಂದು ಗುಂಡು 8.4 ಗ್ರಾಂ. ಕೋಲ್ಟ್ ನೇವಿಯ ಗುಂಡು ಸುಮಾರು 5.2 ಗ್ರಾಂ ಮಾತ್ರ.

ಭಾರತದಲ್ಲಿ 1857ರ ಹೋರಾಟ ನಡೆದಾಗ ಈ ವಾದ ಮತ್ತೆ ಎದ್ದಿತು. ಬ್ರಿಟಿಷ್ ಪಿಸ್ತೂಲುಗಳ ಬಗೆಗಿನ ಬರಹಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಬರುತ್ತದೆ. ಗುರಿಕಾರನೆಂದು ಹೆಸರಾದ ಒಬ್ಬ ಅಧಿಕಾರಿ, ಖಡ್ಗ ಹಿಡಿದು ಮೇಲೆ ಬಿದ್ದ ಸಿಪಾಯಿಯ ಎದೆಗೆ ಕೋಲ್ಟ್ ನೇವಿಯಿಂದ ಐದು ಗುಂಡು ಹೊಡೆದರೂ ಆ ಸಿಪಾಯಿ ನಿಲ್ಲದೆ ಬಂದು ಅಧಿಕಾರಿಯ ತಲೆ ಸೀಳಿದನಂತೆ. ಕಥೆ ಹೇಳಿದವರ ಉದ್ದೇಶ ಸಣ್ಣ ಗುಂಡಿನ ದೋಷ ತೋರಿಸುವುದಾಗಿತ್ತು. ನಮಗೆ ಅದರಲ್ಲಿ ಕಾಣುವುದು ಐದು ಗುಂಡು ತಿಂದರೂ ನಿಲ್ಲದ ಆ ಹೆಸರಿಲ್ಲದ ಸಿಪಾಯಿ.

ಲೆಕ್ಕ ಮಾಡಿ ನೋಡೋಣ

ಚಲನಶಕ್ತಿಯ ಸೂತ್ರ ಪ್ರೌಢಶಾಲೆಯ ಮಕ್ಕಳಿಗೆ ಗೊತ್ತು: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಕೆಳಗಿನ ಅಂಕಿಗಳು ಸುಮಾರಾಗಿ ತೆಗೆದುಕೊಂಡವು. ಮದ್ದಿನ ಗುಣ, ನಳಿಗೆಯ ಉದ್ದದ ಮೇಲೆ ಹೆಚ್ಚು ಕಡಿಮೆ ಆಗುತ್ತವೆ.

1. ಕೋಲ್ಟ್ ನೇವಿ (1851): ಗುಂಡು 5.2 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 280 ಮೀಟರ್, ಶಕ್ತಿ ಸುಮಾರು 200 ಜೂಲ್.

2. ಕೋಲ್ಟ್ ವಾಕರ್ (1847): ಗುಂಡು 9.1 ಗ್ರಾಂ, ವೇಗ ಸುಮಾರು 350 ಮೀಟರ್, ಶಕ್ತಿ ಸುಮಾರು 560 ಜೂಲ್.

3. ರೂಗರ್ ಓಲ್ಡ್ ಆರ್ಮಿ (1972): ಗುಂಡು 9.3 ಗ್ರಾಂ, ವೇಗ ಸುಮಾರು 300 ಮೀಟರ್, ಶಕ್ತಿ ಸುಮಾರು 420 ಜೂಲ್.

4. ಬ್ರೌನ್ ಬೆಸ್ ಬಂದೂಕು (ಕಂಪನಿ ಸೈನ್ಯದ ಹಳೆಯ ಉದ್ದ ಬಂದೂಕು): ಗುಂಡು ಸುಮಾರು 32 ಗ್ರಾಂ, ವೇಗ 300 ಮೀಟರ್ ಹಿಡಿದರೂ ಶಕ್ತಿ 1,400 ಜೂಲ್ ದಾಟುತ್ತದೆ.

50 ಕಿಲೋ ಜೋಳದ ಚೀಲ ಒಂದು ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 490 ಜೂಲ್. ವಾಕರ್‌ನ ಗುಂಡಿನಲ್ಲಿ ಅದಕ್ಕಿಂತ ತುಸು ಹೆಚ್ಚು ಶಕ್ತಿ, ಅದೂ ಬೆರಳ ತುದಿಯಷ್ಟು ಜಾಗದಲ್ಲಿ.

ಈಗ ನಾಲ್ಕನೆಯ ಸಾಲನ್ನು ಮತ್ತೊಮ್ಮೆ ನೋಡಿ. ಒಂದೇ ಗುಂಡಿನ ಹಳೆಯ ಬಂದೂಕು, ಅತಿ ಬಲಿಷ್ಠ ರಿವಾಲ್ವರ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿಯದು. ಪೆಟ್ಟಿನ ಲೆಕ್ಕದಲ್ಲಿ ರಿವಾಲ್ವರ್ ಬಂದೂಕನ್ನು ಎಂದೂ ಗೆದ್ದಿಲ್ಲ. ಹಾಗಾದರೆ ಅದು ಗೆದ್ದದ್ದು ಯಾವುದರಲ್ಲಿ? ಸಮಯದಲ್ಲಿ. ಪಳಗಿದ ಸಿಪಾಯಿ ಚಕಮಕಿ ಬಂದೂಕಿನಿಂದ ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ಹೆಚ್ಚು, ಬತ್ತಿಯ ಬಂದೂಕಿಗೆ ಅದಕ್ಕಿಂತಲೂ ನಿಧಾನ. ರಿವಾಲ್ವರ್ ಹಿಡಿದವನು ಹತ್ತು ಸೆಕೆಂಡಿನೊಳಗೆ ಐದಾರು ಗುಂಡು ಮುಗಿಸಬಲ್ಲ. ಬತ್ತಿ ಹಚ್ಚುವುದು ಬೇಡ, ಸದಾ ಸಿದ್ಧವಾಗಿ ಸೊಂಟದಲ್ಲಿ ಇರುತ್ತದೆ. ಆದರೆ ಆರು ಮುಗಿದವೋ, ಮತ್ತೆ ತುಂಬಲು ಹಲವು ನಿಮಿಷ ಬೇಕು. ಅಷ್ಟು ಹೊತ್ತು ಅದು ಬರೀ ಕಬ್ಬಿಣದ ತುಂಡು.

ಇಂದಿನ ಕರಿಮದ್ದಿನ ರಿವಾಲ್ವರ್

ಲೋಹದ ತೋಟಾ ಬಂದ ಮೇಲೆ ಕ್ಯಾಪು ಮತ್ತು ಗುಂಡಿನ ರಿವಾಲ್ವರ್ ಯುದ್ಧದಿಂದ ಹೊರಬಿತ್ತು. ತೋಟಾದೊಳಗೆ ಮಾತ್ರ ಕರಿಮದ್ದು ಇನ್ನೂ ಕೆಲ ಕಾಲ ಉಳಿಯಿತು. 1873ರ ಕೋಲ್ಟ್, 1887ರ ವೆಬ್ಲಿ ಇವುಗಳ ಮೊದಲ ತೋಟಾಗಳಲ್ಲಿ ಇದ್ದದ್ದು ಕರಿಮದ್ದೇ. ಸುಮಾರು 1890ರ ದಶಕದಲ್ಲಿ ಹೊಗೆರಹಿತ ಮದ್ದು ಆ ಜಾಗ ಹಿಡಿಯಿತು.

ಸತ್ತು ಹೋಗಿದ್ದ ಈ ಆಯುಧಕ್ಕೆ ಮತ್ತೆ ಜೀವ ಬಂದದ್ದು 1950ರ ದಶಕದ ಕೊನೆಗೆ. ಅಮೆರಿಕದ ಅಂತರ್ಯುದ್ಧದ ನೂರನೆಯ ವರ್ಷ ಹತ್ತಿರ ಬಂದಾಗ ಹಳೆಯ ಪಿಸ್ತೂಲುಗಳಿಗೆ ಬೇಡಿಕೆ ಹೆಚ್ಚಿತು. ಇಟಲಿಯ ಬ್ರೆಶಿಯಾ ಪ್ರಾಂತದ ಗಾರ್ಡೋನೆ ವಾಲ್ ಟ್ರೊಂಪಿಯಾ ಎಂಬ, ಶತಮಾನಗಳಿಂದ ಬಂದೂಕು ಮಾಡುವ ಕಣಿವೆಯ ಊರಿನಲ್ಲಿ ಅವುಗಳ ಪ್ರತಿಕೃತಿ ತಯಾರಾಗತೊಡಗಿದವು. ಉಬರ್ತಿ, ಪಿಯೆಟ್ಟಾ ಆ ಪ್ರಾಂತದ ಹೆಸರಾಂತ ತಯಾರಕರು. ವಾಕರ್‌ನ ಪ್ರತಿಕೃತಿಯೂ ಇದೆ. ಬಳಸುವವರು ಗುರಿ ಸ್ಪರ್ಧೆಯವರು, ಹಳೆಯ ಯುದ್ಧಗಳನ್ನು ಅಭಿನಯಿಸುವ ಹವ್ಯಾಸಿಗಳು.

ಅಮೆರಿಕದ ರೂಗರ್ ಕಂಪನಿ ಪ್ರತಿಕೃತಿ ಮಾಡದೆ ಬೇರೆ ದಾರಿ ಹಿಡಿಯಿತು. ಹಳೆಯ ತತ್ವ, ಹೊಸ ಲೋಹ. 1972ರಿಂದ 2008ರವರೆಗೆ ತಯಾರಾದ ಓಲ್ಡ್ ಆರ್ಮಿ ರಿವಾಲ್ವರ್‌ಗೆ ಆಧುನಿಕ ಉಕ್ಕು, ಒಂದೇ ತುಂಡಿನ ಚೌಕಟ್ಟು, ಸುರುಳಿ ಸ್ಪ್ರಿಂಗು. ಕ್ಯಾಪು ಮತ್ತು ಗುಂಡಿನ ರಿವಾಲ್ವರ್‌ಗಳಲ್ಲಿ ಇಷ್ಟು ಗಟ್ಟಿಯಾದದ್ದು ಮತ್ತೊಂದಿಲ್ಲ ಎಂಬುದು ಬಲ್ಲವರ ಮಾತು. ಆದರೂ ಮೇಲಿನ ಲೆಕ್ಕದಲ್ಲಿ ಅದರ ಶಕ್ತಿ 420 ಜೂಲ್, 125 ವರ್ಷ ಹಳೆಯ ವಾಕರ್‌ಗಿಂತ ಕಡಿಮೆ! ಕಾರಣ ಸರಳ. ಅದರ ಗೂಡಿಗೆ ಹಿಡಿಯುವುದು ಸುಮಾರು 40 ಗ್ರೇನ್ ಮದ್ದು, ತೊಲೆಯ ಕಾಲು ಭಾಗಕ್ಕೂ ಕಡಿಮೆ. ಕರಿಮದ್ದಿನ ಮಿತಿಯನ್ನು ಆರಂಭದಲ್ಲೇ ಹೇಳಿದ್ದೇವೆ. ಉಕ್ಕು ಎಷ್ಟೇ ಗಟ್ಟಿಯಾಗಲಿ, ಮದ್ದು ಕೊಡುವಷ್ಟೇ ಕೊಡುತ್ತದೆ.

ಹಾಗಾದರೆ ನೂರಿಪ್ಪತ್ತೈದು ವರ್ಷಗಳ ವಿಜ್ಞಾನ ಕೊಟ್ಟದ್ದೇನು? ಹೆಚ್ಚು ಬಲವನ್ನಲ್ಲ, ಭರವಸೆಯನ್ನು. ಕೈಯಲ್ಲಿ ಸಿಡಿಯುವುದಿಲ್ಲ, ತುಕ್ಕು ಹಿಡಿಯದ ಉಕ್ಕಿನಲ್ಲೂ ಸಿಗುತ್ತಿತ್ತು, ಗುರಿ ತಪ್ಪುವುದಿಲ್ಲ. ವಾಕರ್‌ಗಿಂತ ಶಕ್ತಿಶಾಲಿ ರಿವಾಲ್ವರ್ ವ್ಯಾಪಕವಾಗಿ ಬರಲು 1935ರ ಮ್ಯಾಗ್ನಮ್ ತೋಟಾದವರೆಗೆ ಕಾಯಬೇಕಾಯಿತು ಎಂದು ಹೇಳುವುದು ರೂಢಿ. ಅದು ಕರಿಮದ್ದಿನದಲ್ಲ.

1857-58: ನಮ್ಮ ಸೀಮೆಯಲ್ಲಿ

ಈಗ ಅಮೆರಿಕ, ಇಂಗ್ಲೆಂಡ್ ಬಿಟ್ಟು ನಮ್ಮ ಸೀಮೆಗೆ ಬರೋಣ. ಈ ಆಯುಧಗಳು ಇಲ್ಲಿಯ ಇತಿಹಾಸದಲ್ಲಿ ಏನು ಮಾಡಿದವು?

1857ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯುವ ಕಾಯ್ದೆ ತಂದರು. ಅನುಮತಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಬಂದೂಕು, ಕತ್ತಿ ಎಂದರೆ ಮನೆತನದ ಮಾನ, ಹೊಟ್ಟೆಯ ದಾರಿ. ಅವರು ಕೊಡಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಊರನ್ನು ಮುತ್ತಿ ಬೆಂಕಿ ಇಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, ಡಿಸೆಂಬರ್ 14ರಂದು ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಈ ಕಥೆಯನ್ನು ಜನ ಲಾವಣಿ ಕಟ್ಟಿ ಹಾಡಿದರು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಅದನ್ನು ಬರೆದಿಟ್ಟು ಪ್ರಕಟಿಸಿದ್ದರಿಂದ ನಮಗೆ ಉಳಿದಿದೆ.

ಹಲಗಲಿಯಲ್ಲಿ ಸೋಲಿಗೆ ರಿವಾಲ್ವರ್ ಕಾರಣ ಎಂದು ಹೇಳಿದರೆ ತಪ್ಪಾಗುತ್ತದೆ. ರಿವಾಲ್ವರ್ ಅಧಿಕಾರಿಗಳ ಆಯುಧ. ಬಹಳಷ್ಟು ಅಧಿಕಾರಿಗಳು ತಮ್ಮ ಸ್ವಂತ ಹಣದಿಂದಲೇ ಕೊಳ್ಳುತ್ತಿದ್ದರು. ಊರನ್ನು ಮುತ್ತಿದ್ದು ಕುದುರೆ ಸವಾರರು, ಅವರ ಹಿಂದಿದ್ದದ್ದು ಒಂದು ಸಾಮ್ರಾಜ್ಯ. ಒಂದೊಂದು ಗುಂಡಿನ ಪೆಟ್ಟಿನಲ್ಲಿ ಬೇಡರ ಬಂದೂಕು ಅಧಿಕಾರಿಯ ರಿವಾಲ್ವರ್‌ಗೆ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಜನ, ಮದ್ದು ಮತ್ತು ಮರಳಿ ತುಂಬುವ ಸಮಯ.

ನಮ್ಮೂರ ಮುಂದೆ ಹರಿಯುವ ಭೀಮೆ ಪೂರ್ವಕ್ಕೆ ಸಾಗಿ ಕೃಷ್ಣೆಯನ್ನು ಸೇರುತ್ತಾಳೆ. ಆ ಎರಡು ನದಿಗಳ ನಡುವಿನ ನಾಡು ಸುರಪುರ. ಅಲ್ಲಿಯ ರಾಜಾ ವೆಂಕಟಪ್ಪ ನಾಯಕನನ್ನು ಬಾಲ್ಯದಲ್ಲಿ ನೋಡಿಕೊಂಡವನು ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ. ರಾಜ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗ ನಡೆದು ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತ. ಕೊನೆಗೆ ರಾಜ ಸೆರೆಯಾದ. ಮೊದಲು ಮರಣದಂಡನೆ, ಆಮೇಲೆ ಗಡೀಪಾರು, ಕೊನೆಗೆ ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದು ಶಿಕ್ಷೆ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲೇ ತರುಣ ರಾಜ ತೀರಿಕೊಂಡ.

ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿರುವಂತೆ, ಕಾವಲಿನ ಅಧಿಕಾರಿ ರಿವಾಲ್ವರ್ ಇದ್ದ ತನ್ನ ಸೊಂಟಪಟ್ಟಿಯನ್ನು ಬಿಚ್ಚಿ ಕುರ್ಚಿಗೆ ತೂಗುಹಾಕಿ ಹೊರಗೆ ಹೋದ. ಗುಂಡಿನ ಸದ್ದು ಕೇಳಿ ತಿರುಗಿ ಬಂದಾಗ ರಾಜನ ಪ್ರಾಣ ಹೋಗಿತ್ತು. ಸುರಪುರದ ಸೀಮೆಯಲ್ಲಿ ಈ ಮಾತನ್ನು ಒಪ್ಪದವರು ಇದ್ದಾರೆ, ಬ್ರಿಟಿಷರೇ ಕೊಂದರು ಎಂಬುದು ಅವರ ನಂಬಿಕೆ. ಎರಡನ್ನೂ ಮಕ್ಕಳ ಮುಂದೆ ಇಡಬೇಕು. ಸೆರೆಯಾಳಿನ ಸಾವಿನ ಬಗ್ಗೆ ಸೆರೆಯಿಟ್ಟವರ ಕಡೆಯವರು ಬರೆದದ್ದನ್ನು ಹೇಗೆ ಓದಬೇಕು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅದೇ ವರ್ಷ ಮೇ 29ರ ರಾತ್ರಿ ಇನ್ನೊಂದು ರಿವಾಲ್ವರ್ ನಮ್ಮ ಇತಿಹಾಸದಲ್ಲಿ ಸದ್ದು ಮಾಡಿತು. ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ತಂಗಿದ್ದ. ನರಗುಂದದ ಬಾಬಾಸಾಹೇಬ ಭಾವೆಯ ಜನ ಮುತ್ತಿದರು. ಎಚ್ಚೆತ್ತ ಮ್ಯಾನ್ಸನ್ ರಿವಾಲ್ವರ್ ಹಾರಿಸಿದ, ಒಬ್ಬನಿಗೆ ಗಾಯವಾಯಿತು. ಅಷ್ಟರಲ್ಲಿ ಉಳಿದವರು ಮೇಲೆ ಬಿದ್ದರು. ಅವನ ರುಂಡ ನರಗುಂದದ ಅಗಸೆಯಲ್ಲಿ ತೂಗಿತು. ಜೂನ್ ಆರಂಭದಲ್ಲೇ ನರಗುಂದ ಬಿತ್ತು, ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಎರಡೂ ಘಟನೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಒಂದು ರಿವಾಲ್ವರ್ ಹಿಡಿದವನನ್ನೇ ಉಳಿಸಲಿಲ್ಲ. ಇನ್ನೊಂದರ ಗುಂಡು ಕಾವಲಿನಲ್ಲಿದ್ದ ರಾಜನ ಪ್ರಾಣ ತೆಗೆಯಿತು. ಎಷ್ಟು ಜೂಲ್ ಎಂಬ ಲೆಕ್ಕ ಎರಡರಲ್ಲೂ ಏನನ್ನೂ ಹೇಳುವುದಿಲ್ಲ.

ಕಾಗದದ ಬಲ

ನಿಜವಾದ ಬಲ ಇದ್ದದ್ದು ಒಂದು ಕಾಗದದಲ್ಲಿ. ಹಲಗಲಿಯಲ್ಲಿ ಬಂದೂಕು ಕೊಡದಿದ್ದಕ್ಕೆ ಗಲ್ಲು ಸಿಕ್ಕಿತು. ನಾಲ್ಕೇ ವರ್ಷಗಳ ನಂತರ, 1861ರಲ್ಲಿ, ಅದೇ ಸರ್ಕಾರ ಕೊಡವರಿಗೆ ಅವರ ನಿಷ್ಠೆಯನ್ನು ಮೆಚ್ಚಿ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಕೊಡವರಿಗೂ ಕೋವಿ ಮನೆತನದ ಮಾನವೇ, ಕೈಲ್ ಪೊಳ್ದ್ ಹಬ್ಬದಲ್ಲಿ ಇಂದಿಗೂ ಅದನ್ನು ಪೂಜಿಸುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ. ಎರಡೂ ಕನ್ನಡ ನಾಡಿನ ಜನ, ಎರಡೂ ಕಡೆ ಕೋವಿಯ ಮೇಲೆ ಅದೇ ಪ್ರೀತಿ. ಒಬ್ಬರಿಗೆ ನೇಣು, ಒಬ್ಬರಿಗೆ ಸನ್ನದು. ವ್ಯತ್ಯಾಸ ಬಂದೂಕಿನಲ್ಲಿ ಇರಲಿಲ್ಲ.

1878ರ ಆಯುಧ ಕಾಯ್ದೆ ಇದನ್ನು ಇನ್ನಷ್ಟು ಬಿಗಿ ಮಾಡಿತು. ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. 1930ರ ಮೇ ತಿಂಗಳಲ್ಲಿ ನಮ್ಮ ಸೋಲಾಪುರದ ಜನ ಬೀದಿಗಿಳಿದಾಗ ಎದುರಿಗಿದ್ದದ್ದು ಪೊಲೀಸರ ಬಂದೂಕು, ಆಮೇಲೆ ಮಾರ್ಷಲ್ ಲಾ. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು ಗಲ್ಲಿಗೇರಿಸಿದರು. ಅಷ್ಟೆಲ್ಲ ಆಯುಧ ಇದ್ದೂ ಆಳುವವರು ಉಳಿಯಲಿಲ್ಲ ಎಂಬುದು ಈ ಇಡೀ ಲೆಕ್ಕದ ಕೊನೆಯ ಸಾಲು. ಸ್ವತಂತ್ರ ಭಾರತದ 1959ರ ಕಾಯ್ದೆಯಲ್ಲಿ ಲೈಸೆನ್ಸ್ ಉಳಿದಿದೆ. ಆದರೆ ಅದನ್ನು ಮಾಡಿದ್ದು ನಾವೇ ಆರಿಸಿ ಕಳಿಸಿದ ಸಂಸತ್ತು.

ತರಗತಿಗೆ ಕೆಲವು ಚಟುವಟಿಕೆಗಳು

1. ಶಸ್ತ್ರಾಗಾರಕ್ಕೆ ಹೋದಾಗ ಪ್ರತಿ ಬಂದೂಕಿನ ಮುಂದೆ ನಿಂತು ಮಕ್ಕಳು ಕಿಡಿ ಹುಟ್ಟುವ ಜಾಗ ನೋಡಲಿ. ಬತ್ತಿಯ ಕೊಕ್ಕೆ ಇದೆಯೇ, ಚಕಮಕಿ ಕಲ್ಲಿನ ಹಿಡಿತವಿದೆಯೇ, ಕ್ಯಾಪು ಇಡುವ ಮೊಳೆಯಿದೆಯೇ? ಇಷ್ಟರಿಂದಲೇ ಆ ಬಂದೂಕಿನ ಕಾಲವನ್ನು ಅಂದಾಜು ಮಾಡಬಹುದು.

2. ಮೇಲಿನ ನಾಲ್ಕು ಲೆಕ್ಕಗಳನ್ನು ಮಕ್ಕಳೇ ಮಾಡಲಿ. ಗ್ರಾಂ ಅನ್ನು ಕಿಲೋಗ್ರಾಂಗೆ ಪರಿವರ್ತಿಸಲು ಮರೆಯದಿರಲಿ.

3. ಹಲಗಲಿ ಮತ್ತು ಕೊಡಗು ಎಂದು ಎರಡು ಗುಂಪು ಮಾಡಿ ಚರ್ಚೆ ನಡೆಸಬಹುದು.

4. ಕಿತ್ತೂರು ನಾಟಕಕ್ಕೆ ಒಂದೇ ನಳಿಗೆಯ ರಟ್ಟಿನ ಪಿಸ್ತೂಲು ಮಾಡಿಸಿ.

ಪಾಲಕರಿಗೆ ಒಂದು ವಿನಂತಿ. ನಮ್ಮ ಹಳ್ಳಿಗಳ ಹಳೆಯ ವಾಡೆಗಳಲ್ಲಿ ಖಂಡೇನವಮಿಯಂದು ಪೂಜೆಗೆ ಅಜ್ಜನ ಕಾಲದ ಬಂದೂಕು ಹೊರಬರುವುದುಂಟು. ಅದು ಬರೀ ಅಲಂಕಾರ ಎಂದು ಮಕ್ಕಳ ಕೈಗೆ ಕೊಡಬೇಡಿ. ಮುಂದಿನಿಂದ ಮದ್ದು ತುಂಬುವ ಬಂದೂಕಿನೊಳಗೆ ಅಂದು ತುಂಬಿದ ಮದ್ದು ಇಂದಿಗೂ ಇರಬಹುದು. ತೇವ ತಾಗದಿದ್ದರೆ ಕರಿಮದ್ದು ನೂರು ವರ್ಷವಾದರೂ ಕೆಡುವುದಿಲ್ಲ. ಅಂಥದ್ದು ಮನೆಯಲ್ಲಿ ಸಿಕ್ಕರೆ ಮುಟ್ಟದೆ ಪೊಲೀಸ್ ಠಾಣೆಗೆ ತಿಳಿಸಿ, ಲೈಸೆನ್ಸಿನ ವಿಷಯವೂ ಅಲ್ಲೇ ಬಗೆಹರಿಯುತ್ತದೆ.

ಹಲಗಲಿ, ಸುರಪುರ, ನರಗುಂದದ ಬಗ್ಗೆ ನಿಮ್ಮ ಊರಿನ ಹಿರಿಯರಿಗೆ ಹಾಡು, ಕಥೆ ಗೊತ್ತಿದ್ದರೆ ಮಕ್ಕಳಿಂದ ಬರೆಯಿಸಿ ಶಾಲೆಯಲ್ಲಿ ಇಡಿ. ಹೇಳುವವರು ಇರುವಾಗಲೇ ಬರೆದುಕೊಳ್ಳಬೇಕು.